ಲೋರ್ಖ್ ಮನೆತನ: ಜರ್ಮನಿಯ ಸರ್ಕಸ್ ಕುಟುಂಬಗಳ ವಂಶವಿಚಾರ

ವಂಶಾವಳಿಯನ್ನು ಬರೆಯುವವನಿಗೆ ಭೂಮಿಯೇ ದೊಡ್ಡ ಆಧಾರ. ಹೊಲದ ಪಟ್ಟೆ, ಮನೆಯ ಕ್ರಯಪತ್ರ, ಊರಿನ ದೇವಾಲಯದ ದತ್ತಿ ಇವುಗಳನ್ನು ಹಿಡಿದು ತಂದೆಯಿಂದ ಮಗನಿಗೆ ಇಳಿದು ಬರುವುದು ಅವನಿಗೆ ಅಷ್ಟೇನೂ ಪ್ರಯಾಸದ ಕೆಲಸವಲ್ಲ. ಊರೂರು ತಿರುಗಿ ಲಾಗ ಹಾಕಿ ಜೀವಿಸಿದವರ ವಿಷಯದಲ್ಲಿ ಈ ಆಧಾರಗಳಲ್ಲಿ ಒಂದೂ ದೊರೆಯದು. ಅಜ್ಜನು ಒಂದು ಸಂಸ್ಥಾನದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಮದುವೆಯಾಗಿ, ಮೂರನೆಯದರಲ್ಲಿ ಮಡಿದಿರುತ್ತಾನೆ. ಆತನ ಐವರು ಮಕ್ಕಳು ಐದು ಊರುಗಳ ಜನನದಾಖಲೆಗಳಲ್ಲಿ ಹಂಚಿಹೋಗಿರುತ್ತಾರೆ. ಜರ್ಮನಿಯಲ್ಲಿ 1876ನೆಯ ಜನವರಿ 1ನೆಯ ತಾರೀಖಿನಿಂದ ಸರಕಾರೀ ಜನನಮರಣ ನೋಂದಣಿಯು ಸಾಮ್ರಾಜ್ಯದಲ್ಲೆಲ್ಲ ಜಾರಿಗೆ ಬಂದಿತು. ಅದಕ್ಕೆ ಹಿಂದೆ, ಕೆಲವು ಪ್ರಾಂತಗಳನ್ನು ಬಿಟ್ಟರೆ, ಚರ್ಚುಗಳ ಪುಸ್ತಕಗಳೂ ಯಹೂದಿ ಸಮಾಜಗಳ ಪುಸ್ತಕಗಳೂ ಮಾತ್ರವೇ ಶರಣು. ಆದರೆ ಯಾವ ಊರಿನ ಪುಸ್ತಕವನ್ನು ತೆರೆಯಬೇಕೆಂಬುದೇ ಇಲ್ಲಿಯ ಮೊದಲನೆಯ ಪ್ರಶ್ನೆ. ಅದಕ್ಕೆ ಉತ್ತರವು ಚರ್ಚಿನಲ್ಲಿ ಸಿಕ್ಕುವುದಿಲ್ಲ. ಹಳೆಯ ಭಿತ್ತಿಪತ್ರದಲ್ಲಿಯೋ ವೃತ್ತಪತ್ರಿಕೆಯ ಮೂಲೆಯ ಜಾಹೀರಾತಿನಲ್ಲಿಯೋ ಸಿಕ್ಕುತ್ತದೆ. ಇಂಥ ತಿಂಗಳು ಇಂಥ ಊರಿನಲ್ಲಿ ಡೇರೆ ಹಾಕಿದ್ದರೆಂದು ತಿಳಿದ ಮೇಲೆ ಆ ಊರಿನ ದಾಖಲೆಯನ್ನು ನೋಡಬಹುದು.

ಈ ವೃತ್ತಿಯವರ ಚರಿತ್ರೆಯನ್ನು ಒಟ್ಟುಗೂಡಿಸುವ ಪ್ರಯತ್ನವು ಜರ್ಮನಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಮೊದಲಾಗಿದ್ದಿತು. 1883ರಲ್ಲಿ ಡ್ಯುಸೆಲ್‌ಡಾರ್ಫ್ ನಗರದಲ್ಲಿ 'ಡೆರ್ ಆರ್ಟಿಸ್ಟ್' ಎಂಬ ವೃತ್ತಿಪತ್ರಿಕೆಯು ಹೊರಟಿತು. 1895ರಲ್ಲಿ ಅದೇ ನಗರದಿಂದ ಕಲಾವಿದರ ಜೀವನಕೋಶವೊಂದು ಪ್ರಕಟವಾಯಿತು. ಅದರ ಕರ್ತೃ ಸಿನ್ಯೋರ್ ಸಾಲ್ಟಾರಿನೋ. ಹೆಸರು ಇಟಲಿಯದಾದರೂ ಆತನು ಅಪ್ಪಟ ಜರ್ಮನನು. ನಿಜನಾಮವು ಹೆರ್ಮಾನ್ ವಾಲ್ಡೆಮಾರ್ ಒಟ್ಟೊ. ಸರ್ಕಸ್ಸಿನವರ ನಿಜವಾದ ಹೆಸರುಗಳನ್ನು ತಿಳಿಸಹೊರಟ ಗ್ರಂಥದ ಮೇಲೆಯೇ ಸುಳ್ಳು ಹೆಸರೊಂದು ಕುಳಿತಿರುವುದು ಈ ಕ್ಷೇತ್ರದ ಸ್ವಭಾವಕ್ಕೆ ತಕ್ಕುದಾಗಿಯೇ ಇದೆ.

ಹೆಸರಿನ ತೊಡಕು ಒಂದೇ ಬಗೆಯದಲ್ಲ. ರಂಗದ ಹೆಸರು ಬೇರೆ, ದಾಖಲೆಯ ಹೆಸರು ಬೇರೆ ಎಂಬುದು ಎಲ್ಲರಿಗೂ ತಿಳಿದದ್ದೇ. ಭಿತ್ತಿಪತ್ರದಲ್ಲಿ 'ಸಹೋದರರು' ಎಂದು ಅಚ್ಚಾದ ಮೂವರಲ್ಲಿ ಒಬ್ಬನು ಶಿಷ್ಯನಾಗಿಯೂ ಮತ್ತೊಬ್ಬನು ಭಾವಮೈದುನನಾಗಿಯೂ ಇರಬಹುದೆಂಬುದು ಅದಕ್ಕಿಂತ ಹೆಚ್ಚಿನ ತೊಡಕು. ಇದನ್ನು ವಂಚನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಈ ಜನರಲ್ಲಿ ಮನೆತನವೆಂಬುದು ರಕ್ತದ ಹೆಸರಾಗಿರುವಷ್ಟೇ ವಿದ್ಯೆಯ ಹೆಸರೂ ಆಗಿರುತ್ತದೆ. ಅದಕ್ಕೆ ಸ್ಪಷ್ಟವಾದ ಉದಾಹರಣೆಯು ಹಗ್ಗದ ಮೇಲಿನ ನಡಿಗೆಯಿಂದ ಪ್ರಸಿದ್ಧವಾದ ವಾಲೆಂಡ ಕುಟುಂಬ. 1905ರಲ್ಲಿ ಮಾಗ್ಡೆಬುರ್ಗ್ ನಗರದಲ್ಲಿ ಜನಿಸಿದ ಕಾರ್ಲ್ ವಾಲೆಂಡನು 1928ರಲ್ಲಿ ತನ್ನ ತಂಡದೊಡನೆ ಅಮೆರಿಕಕ್ಕೆ ಹೋಗಿ ನೆಲೆಸಿದನು. 1962ನೆಯ ಜನವರಿ 30ರಂದು ಡೆಟ್ರಾಯಿಟ್ ನಗರದಲ್ಲಿ ಏಳು ಮಂದಿ ತಂತಿಯ ಮೇಲೆ ಒಬ್ಬರ ಮೇಲೊಬ್ಬರು ನಿಲ್ಲುವ ಗೋಪುರವು ಕುಸಿದು ಬಿದ್ದಿತು. ಆ ಏಳು ಮಂದಿ ಯಾರೆಂದು ವಿಚಾರಿಸಿದರೆ ವಂಶವಿಚಾರದ ಪಾಠವೇ ದೊರೆಯುತ್ತದೆ. ಕಾರ್ಲ್, ಆತನ ಅಣ್ಣ ಹೆರ್ಮಾನ್, ಹೆರ್ಮಾನನ ಮಗ ಗುಂತರ್, ಈ ಮೂವರು ಹುಟ್ಟಿನಿಂದ ವಾಲೆಂಡರು. ಮಾರಿಯೋ ಎಂಬವನು ದತ್ತುಪುತ್ರ. ರಿಚರ್ಡ್ ಫಾಹ್ನನ್ ಎಂಬವನು ಅಳಿಯ. ಡೀಟರ್ ಮತ್ತು ಯಾನಾ ಎಂಬಿಬ್ಬರು ಕಾರ್ಲನ ಮೊದಲನೆಯ ಹೆಂಡತಿಯ ತವರಾದ ಶೆಪ್ ಮನೆಯವರು. ಅಂದು ಮಡಿದವರು ಡೀಟರ್ ಮತ್ತು ರಿಚರ್ಡ್. ನಡೆಯುವ ಶಕ್ತಿಯನ್ನು ಕಳೆದುಕೊಂಡವನು ಮಾರಿಯೋ. ವಾಲೆಂಡ ಎಂಬ ಹೆಸರಿಗಾಗಿ ಅಂದು ಹೆಚ್ಚಿನ ಬೆಲೆ ತೆತ್ತವರು ಆ ರಕ್ತದವರಲ್ಲವೆಂದಾಯಿತು. 2012ರಲ್ಲಿ ನಯಾಗರ ಜಲಪಾತದ ಮೇಲೆ ತಂತಿಯಲ್ಲಿ ನಡೆದ ನಿಕ್ ವಾಲೆಂಡನಿಗೂ ಆ ಹೆಸರು ತಂದೆಯಿಂದ ಬಂದದ್ದಲ್ಲ. ಕಾರ್ಲನ ಮಗಳು ಜೆನ್ನಿ, ಆಕೆಯ ಮಗಳು ಡಿಲೈಲಾ, ಆಕೆಯ ಮಗ ಈತ. ಗಂಡುಸಂತತಿಯ ಗೆರೆಯನ್ನು ಮಾತ್ರ ಹಿಡಿದು ಹೋಗುವ ವಂಶವೃಕ್ಷದಲ್ಲಿ ಆತನಿಗೆ ಸ್ಥಳವೇ ಇರದು.

ಲೋರ್ಖ್ ಮನೆತನದ ಚರಿತ್ರೆಯನ್ನು ಈ ತಿಳಿವಳಿಕೆಯನ್ನು ಮುಂದಿಟ್ಟುಕೊಂಡು ನೋಡಬೇಕು. ಇವರು ಯಹೂದಿಗಳು. ಹೆಸ್ಸೆನ್ ಪ್ರಾಂತದ ಡಾರ್ಮ್‌ಷ್ಟಾಟ್ ನಗರಕ್ಕೆ ಸಮೀಪದ ಎಷೋಲ್‌ಬ್ರೂಕೆನ್ ಎಂಬ ಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮನೆ ಮಾಡಿಕೊಂಡಿದ್ದರು. ಬೇಸಗೆಯಲ್ಲಿ ದೇಶಸಂಚಾರ, ಚಳಿಗಾಲದಲ್ಲಿ ಈ ಹಳ್ಳಿಯ ಬಿಡಾರ, ಇದು ಅವರ ಕ್ರಮ. ಲೋರ್ಖ್ ಎಂಬುದು ರೈನ್ ನದಿಯ ದಡದಲ್ಲಿರುವ ಒಂದು ಪಟ್ಟಣದ ಹೆಸರೂ ಹೌದು. ಅಷ್ಟರಿಂದಲೇ ಇವರ ಮೂಲಸ್ಥಾನವು ಅದೆಂದು ಸಾಧಿಸಹೊರಡುವುದು ದುಡುಕಾದೀತು. ಜರ್ಮನಿಯ ಯಹೂದಿಗಳಲ್ಲಿ ಬಹುಮಂದಿಗೆ ಸ್ಥಿರವಾದ ಕುಲನಾಮವು ಬಂದದ್ದು ಹತ್ತೊಂಬತ್ತನೆಯ ಶತಮಾನದ ಆದಿಯ ರಾಜಾಜ್ಞೆಗಳಿಂದ. ಅದಕ್ಕೆ ಹಿಂದೆ ಇಂಥವನ ಮಗ ಇಂಥವನೆಂದು ಕರೆಯುವುದೇ ವಾಡಿಕೆಯಾಗಿದ್ದಿತು. ಆದಕಾರಣ ಹೆಸರನ್ನು ಹಿಡಿದು ಹಿಂದಕ್ಕೆ ಹೋಗುವ ದಾರಿಯು ಅಲ್ಲಿಗೆ ಕಡಿದುಹೋಗುತ್ತದೆ. ತಾಮ್ರಶಾಸನಗಳ ಪ್ರಶಸ್ತಿಗಳನ್ನು ಓದಿ, ಚಂದ್ರನಿಂದ ಇಳಿದುಬಂದ ರಾಜವಂಶಗಳನ್ನು ಕಂಡವರಿಗೆ ಇಂತಹ ಕಡಿತವು ಒಂದು ವಿಧದ ಪ್ರಾಮಾಣಿಕತೆಯಾಗಿಯೇ ತೋರಬಹುದು.

ಈ ಮನೆಯವರ ಹೆಸರುವಾಸಿಯಾದ ವಿದ್ಯೆಯೆಂದರೆ ಇಕಾರಸ್ಸನ ಆಟಗಳೆಂದು ಯೂರೋಪಿನಲ್ಲಿ ಕರೆಯಲ್ಪಡುವ ಕಾಲ್ಚಳಕ. ಒಬ್ಬನು ಓರೆಯಾದ ಮೆತ್ತೆಯ ಮೇಲೆ ಅಂಗಾತ ಮಲಗಿ ಕಾಲುಗಳನ್ನು ಮೇಲಕ್ಕೆತ್ತುತ್ತಾನೆ. ಅಂಗಾಲುಗಳ ಮೇಲೆ ಒಬ್ಬ ಬಾಲಕನನ್ನು ಕೂರಿಸಿಕೊಂಡು ಚೆಂಡಿನಂತೆ ಚಿಮ್ಮುತ್ತಾನೆ. ಬಾಲಕನು ಗಾಳಿಯಲ್ಲಿ ಲಾಗ ಹಾಕಿ ಮತ್ತೆ ಅಂಗಾಲುಗಳ ಮೇಲೆಯೇ ಬಂದಿಳಿಯಬೇಕು. ಇಬ್ಬರು ಮೂವರು ಹೀಗೆ ಸಾಲಾಗಿ ಮಲಗಿ ಒಬ್ಬರಿಂದೊಬ್ಬರಿಗೆ ಬಾಲಕನನ್ನು ಎಸೆಯುವುದೂ ಉಂಟು. 1840ರ ದಶಕದಲ್ಲಿ ಅಮೆರಿಕದ ರಿಚರ್ಡ್ ರಿಸ್ಲಿ ಎಂಬಾತನು ಇದನ್ನು ಯೂರೋಪಿನಲ್ಲಿ ಪ್ರದರ್ಶಿಸಿ ಖ್ಯಾತಿ ಪಡೆದುದರಿಂದ ಆಂಗ್ಲರಲ್ಲಿ ಇದಕ್ಕೆ ಆತನ ಹೆಸರೇ ನಿಂತಿದೆ.

ಆಟದ ಈ ವಿವರವು ಇಲ್ಲಿ ಅಪ್ರಕೃತವಲ್ಲ. ಈ ವಿದ್ಯೆಯು ಕುಟುಂಬವನ್ನು ಬೇಡುತ್ತದೆ. ಮೇಲೆ ಹಾರುವವನು ಹಗುರವಾಗಿರಬೇಕು. ಅವನು ಬೆಳೆದು ಭಾರವಾದೊಡನೆ ಆ ಸ್ಥಳಕ್ಕೆ ತಮ್ಮನೋ ದಾಯಾದಿಯ ಮಗನೋ ಬರಬೇಕು. ಬೆಳೆದವನು ಕೆಳಗೆ ಮಲಗುವವನಾಗಬೇಕು. ಆದುದರಿಂದ ತಂಡದಲ್ಲಿ ಯಾವಾಗಲೂ ಮೂರು ವಯಸ್ಸಿನವರು ಇರಲೇಬೇಕಾಗುತ್ತದೆ. ಮಗುವನ್ನು ಅನ್ಯರ ಕಾಲಿಗೆ ಒಪ್ಪಿಸುವ ತಾಯಿಯು ವಿರಳ. ಹೀಗಾಗಿ ಈ ಆಟದವರು ಒಳಗೊಳಗೇ ಬೆಳೆಯುತ್ತಾರೆ. ಹೊರಗಿನಿಂದ ಹೆಣ್ಣು ಗಂಡು ತಂದರೂ ಅದೇ ವೃತ್ತಿಯ ಮನೆಗಳಿಂದ ತರುತ್ತಾರೆ. ಜರ್ಮನಿಯಲ್ಲಿ ಬ್ಲೂಮೆನ್‌ಫೆಲ್ಡ್, ಷ್ಟ್ರಾಸ್‌ಬುರ್ಗರ್ ಮೊದಲಾದ ಬೇರೆ ಯಹೂದಿ ಸರ್ಕಸ್ ಮನೆತನಗಳೂ ಇದ್ದುವು. ಆದರೆ ಮದುವೆಯ ವಿಷಯದಲ್ಲಿ ಕಡೆಗೆ ಮೇಲಾದದ್ದು ಧರ್ಮಕ್ಕಿಂತ ವೃತ್ತಿಯೇ ಎಂದು ಲೋರ್ಖ್ ಮನೆಯಿಂದ ತಿಳಿದುಬರುತ್ತದೆ. ಸರ್ಕಸ್ಸಿನ ಯಜಮಾನನಾಗಿದ್ದ ಯೂಲಿಯಸ್ ಲೋರ್ಖನ ಮಗಳು ಆಲಿಸಳು ಯಹೂದಿಯಲ್ಲದ ಹಾನ್ಸ್ ಡಾನ್ನರ್ ಎಂಬ ಆಟಗಾರನನ್ನು ವರಿಸಿದಳು. ಇವರ ಮಗಳಾದ ಇರೇನಳು 1923ರಲ್ಲಿ ಹುಟ್ಟಿ ಎಷೋಲ್‌ಬ್ರೂಕೆನ್ನಿನ ಅಜ್ಜನ ಮನೆಯಲ್ಲಿ ಬೆಳೆದಳು. ಲೋರ್ಖರ ಸ್ವಂತ ಸರ್ಕಸ್ಸು 1930ರ ಸುಮಾರಿಗೆ ಸಾಲದಲ್ಲಿ ಮುಳುಗಿ ನಿಂತುಹೋಯಿತು.

ಅಲ್ಲಿಯವರೆಗೆ ವಂಶಾವಳಿಯು ಕುತೂಹಲದ ವಿಷಯವಾಗಿದ್ದಿತು. 1933ರಲ್ಲಿ ಹಿಟ್ಲರನ ಪಕ್ಷವು ಅಧಿಕಾರಕ್ಕೆ ಬಂದ ಮೇಲೆ ಅದು ಜೀವನ್ಮರಣದ ವಿಷಯವಾಯಿತು. ಆ ವರ್ಷದ ಏಪ್ರಿಲ್ 7ರ ಕಾನೂನು 'ಆರ್ಯ'ರಲ್ಲದವರನ್ನು ಸರಕಾರೀ ಕೆಲಸಗಳಿಂದ ಹೊರಹಾಕಿತು. ಸೆಪ್ಟೆಂಬರಿನಲ್ಲಿ ಕಲಾವಿದರೆಲ್ಲರನ್ನೂ ಸರಕಾರದ ಸಂಸ್ಕೃತಿಮಂಡಲಿಯ ಸದಸ್ಯತ್ವಕ್ಕೆ ಒಳಪಡಿಸುವ ಕಾನೂನು ಬಂದಿತು. ಸದಸ್ಯತ್ವವಿಲ್ಲದೆ ರಂಗವಿಲ್ಲ, ವಂಶದ ಪ್ರಮಾಣವಿಲ್ಲದೆ ಸದಸ್ಯತ್ವವಿಲ್ಲ. ಸಾಮಾನ್ಯವಾದ ಆರ್ಯಪ್ರಮಾಣಕ್ಕೆ ತನ್ನದು, ತಂದೆತಾಯಿಗಳದು, ನಾಲ್ವರು ಅಜ್ಜಅಜ್ಜಿಯರದು ಎಂದು 7 ಜನನಪತ್ರಗಳೂ, ತಂದೆತಾಯಿಗಳದು ಮತ್ತು ಎರಡು ಕಡೆಯ ಅಜ್ಜಅಜ್ಜಿಯರದು ಎಂದು 3 ವಿವಾಹಪತ್ರಗಳೂ ಬೇಕಾಗಿದ್ದುವು. ನೆಲೆಯೂರಿದ ರೈತನಿಗೆ ಇವೆಲ್ಲ ಒಂದೇ ಚರ್ಚಿನಲ್ಲಿ ದೊರೆಯುತ್ತಿದ್ದುವು. ಗಾಡಿಯಲ್ಲಿ ಹುಟ್ಟಿದವನಿಗೆ ಹತ್ತು ಪತ್ರಗಳಿಗಾಗಿ ಹತ್ತು ಊರುಗಳಿಗೆ ಬರೆಯಬೇಕಾಗುತ್ತಿತ್ತು.

ಈ ಕಾನೂನುಗಳ ಬುಡದಲ್ಲಿದ್ದ ತರ್ಕದೋಷವನ್ನು ವಂಶಚರಿತ್ರಕಾರರು ಮರೆಯಕೂಡದು. 1935ನೆಯ ಸೆಪ್ಟೆಂಬರ್ 15ರ ನ್ಯೂರೆಂಬರ್ಗ್ ಕಾನೂನುಗಳ ಮೊದಲನೆಯ ನಿಬಂಧನೆಯು ಅದೇ ವರ್ಷದ ನವೆಂಬರ್ 14ರಂದು ಹೊರಟಿತು. ಅಜ್ಜಅಜ್ಜಿಯರಲ್ಲಿ ಮೂವರು ಅಥವಾ ನಾಲ್ವರು ಯಹೂದಿಗಳಾದರೆ ಮೊಮ್ಮಗನು ಯಹೂದಿ. ಇಬ್ಬರಾದರೆ ಮಿಶ್ರಜಾತಿ, ಯಹೂದಿ ಸಮಾಜದ ಸದಸ್ಯನಾಗಿದ್ದರೆ ಅವನೂ ಯಹೂದಿಯೇ. ಒಳ್ಳೆಯದು, ಆದರೆ ಅಜ್ಜನು ಯಹೂದಿಯೆಂದು ತಿಳಿಯುವುದು ಹೇಗೆ? ಆತನು ಯಹೂದಿ ಧರ್ಮಸಮಾಜಕ್ಕೆ ಸೇರಿದ್ದನೆಂಬುದರಿಂದ, ಎಂದು ನಿಬಂಧನೆಯೇ ಹೇಳುತ್ತದೆ. ರಕ್ತವನ್ನು ಅಳೆಯುತ್ತೇವೆಂದು ಹೊರಟವರು ಅಳೆದದ್ದು ಪ್ರಾರ್ಥನಾಮಂದಿರದ ದಾಖಲೆಯನ್ನು. ಮೂರನೆಯ ತಲೆಯ ಶಾಯಿಯು ಮೊದಲನೆಯ ತಲೆಯ ರಕ್ತವಾಯಿತು.

ಇರೇನಳ ವಂಶವೃಕ್ಷದಲ್ಲಿ ತಾಯಿಯ ಕಡೆಯ ಇಬ್ಬರೂ ಯಹೂದಿಗಳು. ಆಕೆಗೆ ರಂಗವು ಮುಚ್ಚಿತು. ಯುದ್ಧದ ಮೊದಲ ವರ್ಷಗಳಲ್ಲಿ ಅಡಾಲ್ಫ್ ಆಲ್ಟ್‌ಹಾಫ್ ಎಂಬಾತನ ಸರ್ಕಸ್ಸು ಡಾರ್ಮ್‌ಷ್ಟಾಟ್ ಸಮೀಪದಲ್ಲಿ ಬೀಡುಬಿಟ್ಟಿತು. ಆಲ್ಟ್‌ಹಾಫರು ತಮ್ಮ ಅಲೆದಾಟದ ವೃತ್ತಿಯನ್ನು ಹದಿನೇಳನೆಯ ಶತಮಾನದವರೆಗೆ ಹಿಂದಕ್ಕೆ ಎಣಿಸುವವರು. ಅಡಾಲ್ಫನು 1913ರಲ್ಲಿ ಸೋನ್ಸ್‌ಬೆಕ್ ಎಂಬಲ್ಲಿ ತಿರುಗಾಟದ ನಡುವೆಯೇ ಹುಟ್ಟಿದವನು. ಆತನ ಅಕ್ಕ ಕರೋಲಾ, ಅಣ್ಣ ಫ್ರಾನ್ಸ್ ಇವರೂ ಸರ್ಕಸ್ಸಿನ ಒಡೆಯರಾದರು. ಆತನ ಹೆಂಡತಿ ಮರಿಯಳೂ ಸರ್ಕಸ್ ಮನೆಯ ಮಗಳೇ. ಇರೇನಳು ಲೋರ್ಖ್ ಮನೆಯವಳೆಂಬುದನ್ನು ತಿಳಿದೇ ಆತನು ಆಕೆಯನ್ನು ಬೇರೆ ಹೆಸರಿನಲ್ಲಿ ಕೆಲಸಕ್ಕೆ ಸೇರಿಸಿಕೊಂಡನು. ಸರಕಾರದ ದೃಷ್ಟಿಯಲ್ಲಿ ಯಾವ ಹೆಸರು ಆಕೆಯ ಅಪರಾಧವಾಗಿತ್ತೋ ಸರ್ಕಸ್ಸಿನವನ ದೃಷ್ಟಿಯಲ್ಲಿ ಅದೇ ಆಕೆಯ ಯೋಗ್ಯತಾಪತ್ರವಾಗಿತ್ತು. ರಂಗದಲ್ಲಿ ಸುಳ್ಳು ಹೆಸರನ್ನು ಇಟ್ಟುಕೊಳ್ಳುವ ಹಳೆಯ ವಾಡಿಕೆಯು ಇಲ್ಲಿ ಪ್ರಾಣರಕ್ಷಣೆಯ ಉಪಾಯವಾಯಿತು.

1943ನೆಯ ಮಾರ್ಚಿ ತಿಂಗಳಿನಲ್ಲಿ ಡಾರ್ಮ್‌ಷ್ಟಾಟಿನ ಯಹೂದಿಗಳನ್ನು ಹಿಡಿದು ಸಾಗಿಸುವಾಗ ಇರೇನಳ ಅಜ್ಜಿಯೂ ಸಿಕ್ಕಿಬಿದ್ದಳು, ಆಕೆಯು ಹಿಂದಿರುಗಲಿಲ್ಲ. ತಾಯಿ ಆಲಿಸಳೂ ತಂಗಿ ಗೆರ್ಡಳೂ ಓಡಿಬಂದು ಅದೇ ಸರ್ಕಸ್ಸನ್ನು ಸೇರಿಕೊಂಡರು. ತಂದೆ ಹಾನ್ಸನು ಆಗ ಜರ್ಮನ್ ಸೈನ್ಯದಲ್ಲಿದ್ದನು. ಹೆಂಡತಿಯನ್ನು ತ್ಯಜಿಸಿ ಬರಬೇಕೆಂಬ ಆಜ್ಞೆಯೊಡನೆ ಆತನನ್ನು ಊರಿಗೆ ಕಳುಹಿಸಿದರು. ಆತನೂ ಹೆಂಡಿರುಮಕ್ಕಳಿದ್ದ ಗಾಡಿಗಳ ಬಳಿಗೇ ಬಂದು ಉಳಿದನು. ತಂಡದಲ್ಲಿ ಸುಮಾರು 90 ಮಂದಿ ಕಲಾವಿದರೂ ಅವರ ಕುಟುಂಬದವರೂ ಇದ್ದರು. ಇಷ್ಟು ಜನರ ನಡುವೆ ಗುಟ್ಟು ಗುಟ್ಟಾಗಿಯೇ ಉಳಿಯುವುದು ಅಸಾಧ್ಯ. ದೂರು ಕೊಟ್ಟವರೂ ಇಲ್ಲದಿಲ್ಲ. ಗೆಸ್ಟಾಪೋ ಅಧಿಕಾರಿಗಳು ತನಿಖೆಗೆ ಬಂದಾಗ ಅಡಾಲ್ಫನು ಅವರಿಗೆ ಮದ್ಯವಿತ್ತು ಮಾತಿನಲ್ಲಿ ಹಿಡಿದು ನಿಲ್ಲಿಸುತ್ತಿದ್ದನು. ಅಷ್ಟರಲ್ಲಿ ಮೀನು ಹಿಡಿಯಲು ಹೋಗುವ ಮಾತೊಂದು ಗಾಡಿಯಿಂದ ಗಾಡಿಗೆ ಸಾಗುತ್ತಿತ್ತು. ಅಡಗಬೇಕೆಂಬುದಕ್ಕೆ ಅದೇ ಸಂಕೇತ. ಯುದ್ಧವು ಮುಗಿಯುವವರೆಗೂ ನಾಲ್ವರೂ ಸುರಕ್ಷಿತವಾಗಿ ಉಳಿದರು.

ಇದೇ ಸರ್ಕಸ್ಸಿನಲ್ಲಿ ಬೆಲ್ಜಿಯಮ್ ದೇಶದ ಪೀಟರ್ ಸ್ಟಾರ್ಮ್ ಎಂಬ ವಿದೂಷಕನಿದ್ದನು. ಆತನ ಮನೆಯವರು ರಂಗದಲ್ಲಿ ಬೆಂಟೋ ಎಂಬ ಹೆಸರಿನಿಂದ ಪ್ರಸಿದ್ಧರು. ಇರೇನಳೂ ಆತನೂ ಪರಸ್ಪರ ಒಲಿದರು. ಮದುವೆಗೆ ಕಾನೂನು ಅಡ್ಡಬಂದಿತು, ಯುದ್ಧಕಾಲದಲ್ಲಿಯೇ ಮಕ್ಕಳಾದುವು. ಆ ವರ್ಷಗಳ ದಾಖಲೆಗಳನ್ನು ಮಾತ್ರ ನಂಬಿ ವಂಶವೃಕ್ಷವನ್ನು ಬರೆಯುವವನಿಗೆ ಅಲ್ಲಿ ವಿವಾಹದ ಗೆರೆಯೇ ಸಿಕ್ಕದು. ಯುದ್ಧವು ಮುಗಿದ ಮೇಲೆ ಅವರು ವಿಧಿಪ್ರಕಾರವಾಗಿ ಮದುವೆಯಾದರು. ಹೀಗೆ ಲೋರ್ಖರ ರಕ್ತವು ಡಾನ್ನರ್ ಎಂಬ ಹೆಸರಿಗೆ ಇಳಿದು, ಅಲ್ಲಿಂದ ದಾಖಲೆಯಲ್ಲಿ ಸ್ಟಾರ್ಮ್ ಆಗಿಯೂ ರಂಗದಲ್ಲಿ ಬೆಂಟೋ ಆಗಿಯೂ ಮುಂದುವರಿಯಿತು. ಮೂರು ತಲೆಗಳಲ್ಲಿ ನಾಲ್ಕು ಹೆಸರುಗಳು. ಎರಡು ಕಡೆ ದಾಟಿಸಿದವರು ಹೆಣ್ಣುಮಕ್ಕಳು.

1995ನೆಯ ಜನವರಿ 2ರಂದು ಜೆರೂಸಲೇಮಿನ ಯಾದ್ ವಾಷೆಮ್ ಸಂಸ್ಥೆಯು ಅಡಾಲ್ಫ್ ಮತ್ತು ಮರಿಯ ಆಲ್ಟ್‌ಹಾಫರನ್ನು ಯಹೂದಿಗಳನ್ನು ರಕ್ಷಿಸಿದ ಅನ್ಯಧರ್ಮೀಯ ಸತ್ಪುರುಷರ ಪಟ್ಟಿಯಲ್ಲಿ ಸೇರಿಸಿತು. ಅಡಾಲ್ಫನು 1998ರಲ್ಲಿ ತೀರಿಕೊಂಡನು, ಇರೇನಳು 2006ರಲ್ಲಿ. ಎಷೋಲ್‌ಬ್ರೂಕೆನ್ ಈಗ ಪ್ಫುಂಗ್‌ಷ್ಟಾಟ್ ಪಟ್ಟಣದೊಳಗೆ ಸೇರಿಹೋಗಿದೆ.