ಮೇಲ್ಮೈ ಮಾದರಿಗಳ ಸಂದು ದುರಸ್ತಿ

ಕಂಪ್ಯೂಟರ್ ನೆರವಿನ ವಿನ್ಯಾಸದಲ್ಲಿ, ಅಂದರೆ ಕ್ಯಾಡ್‌ನಲ್ಲಿ, ವಸ್ತುವಿನ ಹೊರಮೈಯನ್ನು ಹಲವು ತೇಪೆಗಳನ್ನು ಜೋಡಿಸಿ ರಚಿಸುತ್ತಾರೆ. ಅಕ್ಕಪಕ್ಕದ ತೇಪೆಗಳ ಅಂಚುಗಳು ಕೂಡದೆ ಉಳಿದ ಸಂದುಗಳನ್ನು ಪತ್ತೆಹಚ್ಚಿ ಮುಚ್ಚುವುದೇ ಸಂದು ದುರಸ್ತಿ. ಪರದೆಯ ಮೇಲೆ ಕಣ್ಣಿಗೆ ಬೀಳದ ಸಂದೂ ಮಾದರಿಯನ್ನು ಕೆಲಸಕ್ಕೆ ಬಾರದಂತೆ ಮಾಡಬಲ್ಲದು. ಒಳಗು ಯಾವುದು, ಹೊರಗು ಯಾವುದು ಎಂಬುದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಘನಗಾತ್ರದ ಲೆಕ್ಕ ತಪ್ಪುತ್ತದೆ, ಗಾಳಿಯ ಹರಿವನ್ನೋ ಬಿಡಿಭಾಗದ ಬಲವನ್ನೋ ಲೆಕ್ಕ ಹಾಕಲು ಬೇಕಾದ ಜಾಲರಿ ಮೂಡುವುದಿಲ್ಲ.

ತೇಪೆಗಳ ಗಣಿತ ಹುಟ್ಟಿದ್ದು ಕಾರು ಮತ್ತು ವಿಮಾನದ ಕಾರ್ಖಾನೆಗಳಲ್ಲಿ. ಫ್ರಾನ್ಸಿನ ಸಿತ್ರೊಎನ್‌ನಲ್ಲಿ ಪಾಲ್ ದ ಕಾಸ್ತೆಲ್ಜೊ, ರೆನೋದಲ್ಲಿ ಪಿಯೆರ್ ಬೆಜಿಯೆ ತಮ್ಮ ತಮ್ಮ ದಾರಿಯಲ್ಲಿ ಅದನ್ನು ಕಟ್ಟಿದರು. ಅಮೆರಿಕದ ಎಂಐಟಿಯಲ್ಲಿದ್ದ ಸ್ಟೀವನ್ ಕೂನ್ಸ್ 1967ರ ವರದಿಯಲ್ಲಿ ನಾಲ್ಕು ಗಡಿರೇಖೆಗಳನ್ನು ಕೊಟ್ಟರೆ ಅವುಗಳ ನಡುವೆ ಮೇಲ್ಮೈಯನ್ನು ಹರಡುವ ವಿಧಾನವನ್ನು ವಿವರಿಸಿದರು. ಇಂದು ಕ್ಯಾಡ್ ತಂತ್ರಾಂಶಗಳಲ್ಲಿ ತೆರಪು ತುಂಬುವ ಆದೇಶಗಳ ಹಿಂದೆ ಈ ವಿಚಾರದ ಬಲವಿದೆ. ಐದು ಬದಿಯ ತೆರಪಿಗೆ ತಕ್ಕ ತೇಪೆಯನ್ನು ಶಾರೋ ಮತ್ತು ಗ್ರೆಗರಿ 1984ರಲ್ಲಿ ಕೊಟ್ಟರು. ಕೂನ್ಸ್ ಅವರ ಶಿಷ್ಯ ಕೆನ್ ವರ್ಸ್‌ಪ್ರಿಲ್ 1975ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ, ಇಂದು ಕ್ಯಾಡ್‌ನಲ್ಲಿ ವ್ಯಾಪಕ ಬಳಕೆಯಲ್ಲಿರುವ ನರ್ಬ್ಸ್ ಎಂಬ ಬಗೆಯ ಮೇಲ್ಮೈಗಳಿಗೆ ತಳಹದಿಯಾಯಿತು. ಅದೇ ವರ್ಷ ಮಾರ್ಟಿನ್ ನ್ಯೂವೆಲ್ ರಚಿಸಿದ, ಮುಂದೆ ಪ್ರಸಿದ್ಧವಾದ ಯೂಟಾ ಟೀಪಾಟ್ ಎಂಬ ಚಹಾ ಪಾತ್ರೆಯ ಮಾದರಿಗೆ ತಳವೇ ಇರಲಿಲ್ಲ. ಚಿತ್ರ ಬಿಡಿಸುವುದಷ್ಟೇ ಗುರಿಯಾಗಿದ್ದರಿಂದ ಅದು ಕೊರತೆ ಎನಿಸಲೂ ಇಲ್ಲ.

ಸಂದುಗಳಿಗೆ ವಿನ್ಯಾಸಕಾರರ ಅಜಾಗರೂಕತೆಯೇ ಕಾರಣ ಎಂಬ ಮಾತು ಅನ್ಯಾಯದ್ದು. ಬಹುಪಾಲು ಸಂದುಗಳ ಬೇರು ಗಣಿತದಲ್ಲೇ ಇದೆ. ವಾಡಿಕೆಯಲ್ಲಿರುವ ಬೈಕ್ಯೂಬಿಕ್ (ಎರಡೂ ದಿಕ್ಕಿನಲ್ಲಿ ಮೂರನೇ ಘಾತದ) ತೇಪೆಯೊಂದರ ಬೀಜಗಣಿತ ಸಮೀಕರಣ ಸಾಮಾನ್ಯವಾಗಿ 18ನೇ ಘಾತದ್ದು. ಅಂಥ ಎರಡು ತೇಪೆಗಳು ಒಂದನ್ನೊಂದು ಛೇದಿಸಿದಾಗ ಮೂಡುವ ರೇಖೆಯ ಘಾತ 324ರವರೆಗೆ ಏರುತ್ತದೆ. ಅದನ್ನು ಇದ್ದಂತೆಯೇ ಹಿಡಿದಿಡುವ ತಂತ್ರಾಂಶವಿಲ್ಲ. ಎಲ್ಲವೂ ಅದಕ್ಕೆ ಹತ್ತಿರವಾದ, ಸರಳವಾದ ವಕ್ರರೇಖೆಯೊಂದನ್ನು ಇಟ್ಟುಕೊಳ್ಳುತ್ತವೆ. ಆ ರೇಖೆಯುದ್ದಕ್ಕೂ ತೇಪೆಗಳನ್ನು ಕತ್ತರಿಸಿದಾಗ ಮೂಡುವ ಎರಡು ಅಂಚುಗಳು ತಂತಮ್ಮ ಅಂದಾಜಿನ ಮೇಲೆ ನಿಂತಿರುವುದರಿಂದ ಪೂರ್ತಿ ಒಂದಾಗುವುದೇ ಇಲ್ಲ. ಅಂತರ ಒಂದು ಮಿತಿಯೊಳಗಿದ್ದರೆ ಕೂಡಿವೆ ಎಂದು ಒಪ್ಪಿಕೊಳ್ಳುವುದು ರೂಢಿ. ಆ ಮಿತಿಯೇ ಟಾಲರೆನ್ಸ್. ಪ್ರತಿ ಅಂಚಿಗೂ ಅದರದೇ ಟಾಲರೆನ್ಸ್ ಕೊಡುವ ಕ್ರಮವನ್ನು ಡೇವಿಡ್ ಜಾಕ್ಸನ್ 1995ರಲ್ಲಿ ವಿವರಿಸಿದ ಮೇಲೆ ಹೊರಗಿನಿಂದ ಬಂದ ಒರಟು ಮಾದರಿಗಳನ್ನೂ ಘನ ಮಾದರಿಯಾಗಿ ನಿಭಾಯಿಸುವುದು ಸುಲಭವಾಯಿತು.

ಕಡತ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ತೊಂದರೆ ಬೆಳೆಯಿತು. 1980ರಲ್ಲಿ ಪ್ರಕಟವಾದ ವಿನಿಮಯ ಮಾನಕ ಐಜಿಇಎಸ್‌ನ ಕಡತಗಳಲ್ಲಿ ತೇಪೆಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಬರುತ್ತಿದ್ದವು. ಯಾವುದರ ಪಕ್ಕ ಯಾವುದು ಎಂಬ ಸಂಬಂಧ ಕಳೆದುಹೋಗುತ್ತಿತ್ತು. ಕಳಿಸಿದ ಕಡೆ ಸಡಿಲ ಟಾಲರೆನ್ಸ್, ಪಡೆದ ಕಡೆ ಬಿಗಿ ಟಾಲರೆನ್ಸ್ ಇದ್ದರೆ ಅಲ್ಲಿ ಮುಚ್ಚಿದ್ದ ಸಂದು ಇಲ್ಲಿ ಬಾಯಿ ತೆರೆಯುತ್ತಿತ್ತು. 1994ರ ಸ್ಟೆಪ್ ಮಾನಕ ಈ ಸಂಬಂಧವನ್ನೂ ಹೊತ್ತು ತಂದಿತು, ಆದರೆ ಟಾಲರೆನ್ಸ್‌ನ ಜಗಳ ಮುಗಿಯಲಿಲ್ಲ. ಮಾಹಿತಿ ವಿನಿಮಯದ ಇಂಥ ತೊಡಕುಗಳಿಂದ ಅಮೆರಿಕದ ವಾಹನ ಪೂರೈಕೆ ಜಾಲಕ್ಕೆ ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ಅಲ್ಲಿನ ಮಾನಕ ಸಂಸ್ಥೆ ನಿಸ್ಟ್‌ಗಾಗಿ ನಡೆದ 1999ರ ಅಧ್ಯಯನ ಅಂದಾಜಿಸಿತು.

ದುರಸ್ತಿಯ ಕ್ರಮ ರೂಪುಗೊಂಡದ್ದು ಈ ಒತ್ತಡದಲ್ಲಿ. ಮೊದಲು ಜೊತೆಯಿಲ್ಲದ ಅಂಚುಗಳನ್ನು ಬಣ್ಣ ಕೊಟ್ಟು ತೋರಿಸಬೇಕು. ಟಾಲರೆನ್ಸ್‌ನೊಳಗಿನವನ್ನು ಹೊಲಿಯಬೇಕು, ದೂರ ಸರಿದ ತೇಪೆಗಳನ್ನು ಹಿಗ್ಗಿಸಿ ಮತ್ತೆ ಛೇದಿಸಬೇಕು, ತೇಪೆಯೇ ಇಲ್ಲದಲ್ಲಿ ಹೊಸದನ್ನು ತುಂಬಬೇಕು. ಅವಸರದಲ್ಲಿ ಟಾಲರೆನ್ಸನ್ನೇ ಹಿಗ್ಗಿಸಿ ಎಲ್ಲವನ್ನೂ ಒಮ್ಮೆಗೇ ಹೊಲಿಯುವುದು ಕೆಟ್ಟ ಅಭ್ಯಾಸ. ಸಣ್ಣ ಅಂಚುಗಳೂ ಕಿರಿದಾದ ಮುಖಗಳೂ ಅದರಲ್ಲಿ ಕುಸಿದುಹೋಗುತ್ತವೆ, ದೋಷ ಅಚ್ಚು ತಯಾರಿಸುವ ಹಂತದಲ್ಲಿ ಹೊರಬೀಳುತ್ತದೆ. ಬೆಂಗಳೂರಿನ ಎಂಜಿನಿಯರಿಂಗ್ ಸೇವಾ ಕಂಪನಿಗಳಲ್ಲಿ ವಿಶ್ಲೇಷಣೆಗೆ ಮುಂಚಿನ ಈ ಶುದ್ಧೀಕರಣವನ್ನು ಇಂದಿಗೂ ಎಂಜಿನಿಯರುಗಳು ಕೂತು ಮಾಡುತ್ತಾರೆ.

ತೇಪೆಗಳ ಬದಲು ತ್ರಿಕೋನಗಳಿಂದಲೇ ಕಟ್ಟಿದ ಜಾಲರಿಗಳ ಕಥೆ ಬೇರೆ. ತ್ರೀಡಿ ಮುದ್ರಣಕ್ಕಾಗಿ 1987ರಲ್ಲಿ ಬಂದ ಎಸ್‌ಟಿಎಲ್ ಕಡತ ಪ್ರತಿ ತ್ರಿಕೋನವನ್ನೂ ಬಿಡಿಯಾಗಿ ಬರೆದಿಡುತ್ತದೆ. ನೆರೆಹೊರೆಯ ಸುದ್ದಿ ಅದರಲ್ಲಿಲ್ಲ. ಇಂಥ ಮಾದರಿಗಳನ್ನು ತಾನಾಗಿಯೇ ಮುಚ್ಚುವ ಕ್ರಮವನ್ನು ಬೋನ್ ಮತ್ತು ವೊಜ್ನಿ 1992ರಲ್ಲಿ ಮಂಡಿಸಿದರು. ಇಸ್ರೇಲಿನ ಬಾರೆಕೆಟ್ ಮತ್ತು ಶರೀರ್ 1995ರಲ್ಲಿ, ಹತ್ತಿರ ಸಾಗುವ ಗಡಿಗಳನ್ನು ಗುರುತಿಸಿ ಹೊಲಿಯುವ, ಉಳಿದ ತೂತುಗಳನ್ನು ತ್ರಿಕೋನಗಳಿಂದ ತುಂಬುವ ವಿಧಾನ ಕೊಟ್ಟರು. ಸ್ಕ್ಯಾನಿಂಗ್ ಇನ್ನೊಂದು ಸವಾಲು ತಂದಿತು. ಮಾರ್ಕ್ ಲೆವಾಯ್ ನೇತೃತ್ವದ ಸ್ಟ್ಯಾನ್‌ಫರ್ಡ್ ತಂಡ 1999ರಲ್ಲಿ ಫ್ಲಾರೆನ್ಸ್‌ನಲ್ಲಿ ಮೈಕೆಲ್ಯಾಂಜೆಲೊನ ದಾವಿದ ಶಿಲ್ಪವನ್ನು ಸ್ಕ್ಯಾನ್ ಮಾಡಿದಾಗ ಲೇಸರ್ ತಲುಪದ ಎಡೆಗಳೆಲ್ಲ ಖಾಲಿ ಉಳಿದವು. 2002ರಲ್ಲಿ ಜೇಮ್ಸ್ ಡೇವಿಸ್ ಮತ್ತು ಸಂಗಡಿಗರು, ಸುತ್ತಲಿನ ಮೇಲ್ಮೈಯ ಮಾಹಿತಿ ಖಾಲಿ ಜಾಗದೊಳಕ್ಕೆ ಹರಡುವಂತೆ ಮಾಡಿ ಅವನ್ನು ತುಂಬುವ ದಾರಿ ತೋರಿಸಿದರು. ಆದರೂ ಹಾಗೆ ತುಂಬಿದ್ದು ಊಹೆ, ಅಳತೆಯಲ್ಲ. ಪರಂಪರೆಯ ವಸ್ತುಗಳ ಮಾದರಿಯಲ್ಲಿ ಅದನ್ನು ಬೇರೆಯಾಗಿ ಗುರುತಿಸಲೇಬೇಕು.

ಸಂದು ಹುಟ್ಟದಂತೆಯೇ ಮೇಲ್ಮೈ ರಚಿಸುವ ಪ್ರಯತ್ನದಲ್ಲಿ ಥಾಮಸ್ ಸೆಡರ್‌ಬರ್ಗ್ ಅವರದು ದೊಡ್ಡ ಹೆಸರು. ಅವರು ಸಂಗಡಿಗರೊಡನೆ 2003ರಲ್ಲಿ ಟಿ-ಸ್ಪ್ಲೈನ್ ಎಂಬ ಹೊಸ ಬಗೆಯ ಮೇಲ್ಮೈಗಳನ್ನು ಪರಿಚಯಿಸಿದರು; 2008ರಲ್ಲಿ, ಕತ್ತರಿಸಿದ ನರ್ಬ್ಸ್ ತೇಪೆಗಳನ್ನು ಸಂದಿಲ್ಲದ ಒಂದೇ ಟಿ-ಸ್ಪ್ಲೈನ್ ಮೇಲ್ಮೈಯಾಗಿ ಮಾರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ಆದರೆ ಕೈಗಾರಿಕೆಗಳ ನಡುವೆ ಇಂದು ಓಡಾಡುವ ಕಡತಗಳಲ್ಲಿ ಹೆಚ್ಚಿನವು ಈಗಲೂ ಕತ್ತರಿಸಿದ ನರ್ಬ್ಸ್ ತೇಪೆಗಳವೇ.