ನೃಪತುಂಗನ ಕಾಲದ ಅಂಕಿಗಳ ಹಾರ

12345654321. ಹನ್ನೊಂದು ಅಂಕಿಗಳ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಲೆಕ್ಕದಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಒಂದರಿಂದ ಆರರವರೆಗೆ ಏರಿ, ಹಾಗೆಯೇ ಇಳಿಯುವ ಸಂಖ್ಯೆ ಎಂದು ಬಣ್ಣಿಸಿದ್ದಾನೆ.

ಈ ಜೈನ ಗಣಿತಜ್ಞ ತನ್ನ ಸಂಸ್ಕೃತ ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಇಂದಿನ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪ್ರದೇಶಗಳೂ ಆಗ ಆ ಸಾಮ್ರಾಜ್ಯದೊಳಗಿದ್ದವು. ಸಂಖ್ಯೆಗಳು ಈ ನೆಲಕ್ಕೆ ಹೊಸವಲ್ಲ. ನೊಳಂಬವಾಡಿ-32000, ಕುರುಗೋಡಿನ ಸಿಂದರು ಆಳಿದ ಬಲ್ಲಕುಂದೆ-300 ಎಂದು ನಾಡಿನ ಹೆಸರಿಗೇ ಸಂಖ್ಯೆ ಸೇರಿಸಿ ಶಾಸನಗಳಲ್ಲಿ ಕೆತ್ತುತ್ತಿದ್ದ ಸೀಮೆ ಇದು.

ಮಹಾವೀರನಾದರೋ ಬಿಡಿಯಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟ. ಕೊನೆಯದೆಂದರೆ ಒಂದರ ಮುಂದೆ 23 ಸೊನ್ನೆಗಳು. ನಮ್ಮ ಸಂಖ್ಯೆಯ ಮೊದಲ ಅಂಕಿ ಹನ್ನೊಂದನೆಯ ಸ್ಥಾನವಾದ ‘ಅರ್ಬುದ’ದಲ್ಲಿ ನಿಲ್ಲುತ್ತದೆ.

ಗುಣಾಕಾರ ಕಲಿಸುವಾಗ ಆತ 27994681ನ್ನು 441ರಿಂದ ಗುಣಿಸಲು ಹೇಳುತ್ತಾನೆ. ಬರುವ ಉತ್ತರವೇ 12345654321. ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ.

ಇದರ ಗುಟ್ಟೇನು? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಹಾಗಾಗಿ ಹಾರವೆಂಬುದು 111111ರ ವರ್ಗವೇ. ಆರು ಒಂದುಗಳನ್ನು ಅಷ್ಟೇ ಒಂದುಗಳಿಂದ ಗುಣಿಸುವಾಗ ಆರು ಸಾಲುಗಳು ಒಂದೊಂದು ಮನೆ ಸರಿದು ನಿಲ್ಲುತ್ತವೆ. ಕೂಡಿದಾಗ ಕಂಬಸಾಲುಗಳಲ್ಲಿ 1, 2, 3 ಎಂದು ಏರಿ, ನಡುವೆ 6 ಆಗಿ, ಮತ್ತೆ ಇಳಿಯುತ್ತದೆ. ಎಲ್ಲಿಯೂ ದಶಕ ಬರುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ಸೊಬಗು ಉಳಿದು 12345678987654321 ಬರುತ್ತದೆ. ಹತ್ತು ಒಂದುಗಳಾದರೆ ದಶಕ ಏರಿ ಹಾರ ಕಡಿದುಹೋಗುತ್ತದೆ.

ಇದು ಬರಿಯ ಚಮತ್ಕಾರವಲ್ಲ. ಹಾರದ ಒಂದು ಮಣಿ ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ಲೆಕ್ಕ ಸರಿಯೇ ಎಂದು ಶಿಷ್ಯ ಗುರುವನ್ನು ಕೇಳಬೇಕಿಲ್ಲ.

ಓಲೆಗರಿಗಳಲ್ಲಿ ಉಳಿದಿದ್ದ ಈ ಗ್ರಂಥವನ್ನು ಪ್ರೊ. ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಆಗ ಬಳ್ಳಾರಿಯೂ ಮದರಾಸು ಪ್ರಾಂತ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಕನ್ನಡಿಗರ ಅರಸನ ಆಶ್ರಯವನ್ನು ನೆನೆದ ಕೃತಿಯೊಂದು ಅಚ್ಚಿನ ಬೆಳಕು ಕಾಣಲು ಸಾವಿರ ವರ್ಷ ಹಿಡಿಯಿತು. ಕವಿರಾಜಮಾರ್ಗದಿಂದ ನೃಪತುಂಗನ ಹೆಸರು ಬಲ್ಲ ನಾವು, ಅವನ ಕಾಲದ ಗಣಿತಜ್ಞನನ್ನೂ ಬಲ್ಲವರಾಗಬೇಡವೇ?

ಮನೆಯಲ್ಲಿ ಮಗ್ಗಿಗೆ ಅಂಜುವ ಮಕ್ಕಳಿದ್ದರೆ ಅದೇ ಗ್ರಂಥದ ಈ ಲೆಕ್ಕ ಕೊಟ್ಟು ನೋಡಿ: 152207ನ್ನು 73ರಿಂದ ಗುಣಿಸಲಿ. ಸರಿಯಾದರೆ ಎಂಟು ಒಂದುಗಳು ಸಾಲಾಗಿ ನಿಂತಿರುತ್ತವೆ.