ಮರದಂತೆ ಬರೆದ ರೈಲ್ವೆ ಕಂಪನಿ

ವ್ಯಾಪಾರ ಬೆಳೆದಷ್ಟೂ ತಲಾ ಖರ್ಚು ತಗ್ಗುತ್ತದೆ ಎಂದು ಬಿ.ಕಾಂ.ನಲ್ಲಿ ಓದಿದವರು ನಾವು. ಅಮೆರಿಕದ ನ್ಯೂಯಾರ್ಕ್ ಅಂಡ್ ಈರಿ ರೈಲ್ವೆಯ ಲೆಕ್ಕ ಬೇರೆಯೇ ಹೇಳುತ್ತಿತ್ತು. ಹಡ್ಸನ್ ನದಿಯಿಂದ ಈರಿ ಸರೋವರದವರೆಗೆ 1851ರಲ್ಲಿ ಪೂರ್ಣಗೊಂಡ ಈ ಮಾರ್ಗದ ಉದ್ದ 700 ಕಿ.ಮೀ.ಗೂ ಹೆಚ್ಚು. ಆದರೆ ಪ್ರತಿ ಮೈಲಿಯ ಖರ್ಚು ಸಣ್ಣ ಮಾರ್ಗಗಳಿಗಿಂತ ಇಲ್ಲೇ ಜಾಸ್ತಿ!

1854ರಲ್ಲಿ ಇದರ ಜನರಲ್ ಸೂಪರಿಂಟೆಂಡೆಂಟ್ ಆದ ಡೇನಿಯಲ್ ಮೆಕ್ಯಾಲಮ್ ಸ್ಕಾಟ್ಲೆಂಡಿನಿಂದ ವಲಸೆ ಬಂದವನು, ಸೇತುವೆ ಕಟ್ಟುವುದರಲ್ಲಿ ಪಳಗಿದವನು. 50 ಮೈಲಿಯ ಮಾರ್ಗವನ್ನು ಅಧಿಕಾರಿಯೊಬ್ಬನೇ ಕಣ್ಣಾರೆ ನೋಡಿಕೊಳ್ಳಬಹುದು. 500 ಮೈಲಿಗೆ ಅದು ಆಗದು, ಅಲ್ಲಿ ವ್ಯವಸ್ಥೆಯೇ ಬೇಕು ಎಂಬುದು ಅವನ ವಾದ.

1855ರಲ್ಲಿ ಅವನು ಸಿದ್ಧಪಡಿಸಿದ ನಕ್ಷೆಯನ್ನು ಜಗತ್ತಿನ ಮೊದಲ ಸಂಸ್ಥಾ ನಕ್ಷೆಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಅದು ಇಂದಿನ ಪಿರಮಿಡ್ಡಿನಂತಿಲ್ಲ, ಮರದಂತಿದೆ. ಅಧ್ಯಕ್ಷರೂ ನಿರ್ದೇಶಕರೂ ಕೆಳಗೆ, ಬೇರಿನ ಜಾಗದಲ್ಲಿ, ವಿಭಾಗಗಳು ಕೊಂಬೆಗಳು. ತನ್ನ ವಿಭಾಗದ ದಿನನಿತ್ಯದ ತೀರ್ಮಾನ ಆಯಾ ಸೂಪರಿಂಟೆಂಡೆಂಟನದೇ. ರೈಲುಗಳು ಎಲ್ಲಿವೆ, ಎಷ್ಟು ತಡ ಎಂಬ ವರದಿ ಗಂಟೆಗೊಮ್ಮೆ ಟೆಲಿಗ್ರಾಫಿನಲ್ಲಿ ಬರುತ್ತಿತ್ತು. ನಾವಿಂದು ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಎನ್ನುವುದರ ಬೀಜಗಳಲ್ಲಿ ಇದೂ ಒಂದು.

ಅವನ ತತ್ವಗಳಲ್ಲಿ ಮೊದಲೆರಡು ಸರಳ: ಹೊಣೆಯನ್ನು ಸರಿಯಾಗಿ ಹಂಚಬೇಕು, ಹೊಣೆಗೆ ತಕ್ಕ ಅಧಿಕಾರವನ್ನೂ ಕೊಡಬೇಕು. ಆದರೆ ಅವನ ನಿಯಮಗಳಲ್ಲೊಂದು ಈ ಮಾತನ್ನೇ ಮುರಿಯಿತು. ರೈಲು ನಿಲ್ಲುವ ನಿಲ್ದಾಣದಲ್ಲಿ ಪಾಯಿಂಟ್ ತಪ್ಪಾಗಿದ್ದು ಹಳಿ ತಪ್ಪಿದರೆ ಎಂಜಿನ್ ಚಾಲಕನೇ ಹೊಣೆ. ಪಾಯಿಂಟ್ ಹಾಕುವವನು ಬೇರೊಬ್ಬ, ಅವನ ಮೇಲೆ ಚಾಲಕನಿಗೆ ಅಧಿಕಾರವಿಲ್ಲ. 1854ರಲ್ಲೂ 1856ರಲ್ಲೂ ಚಾಲಕರು ಮುಷ್ಕರ ಹೂಡಿದರು. 1857ರಲ್ಲಿ ಮೆಕ್ಯಾಲಮ್ ಹುದ್ದೆ ಬಿಟ್ಟ.

ಅವನ ಜಾಣ್ಮೆ ವ್ಯರ್ಥವಾಗಲಿಲ್ಲ. 1862ರಲ್ಲಿ, ಅಂತರ್ಯುದ್ಧದ ನಡುವೆ, ಅಮೆರಿಕ ಸರ್ಕಾರ ಸೈನ್ಯದ ರೈಲುಗಳ ಹೊಣೆಯನ್ನು ಅವನಿಗೇ ಒಪ್ಪಿಸಿತು.

ಅವನ ನಕ್ಷೆಯ ಮಕ್ಕಳು ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲೂ ಇವೆ, ನಾವಿರುವ ಪರದೇಶದಲ್ಲೂ ಇವೆ. ಯಾರು ಯಾರಿಗೆ ವರದಿ ಮಾಡಬೇಕೆಂಬುದು ಅವುಗಳಲ್ಲಿ ಸ್ಪಷ್ಟ. ಲೆಕ್ಕಿಗಳಾದ ನಾವು ಖರ್ಚಿಗೆ ಮಂಜೂರಾತಿ ಯಾರದೆಂದು ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ತಪ್ಪಾದಾಗ ದಂಡ ತೆರುವವನ ಕೈಯಲ್ಲಿ ಅದನ್ನು ತಡೆಯುವ ಅಧಿಕಾರ ಇತ್ತೇ?